ಬೈಕಿನ ಮೀಟರ್ ಬದಲಾವಣೆ ಮತ್ತು ಓಡಿದ ದೂರದ ಲೆಕ್ಕ

ಮೋಟಾರ್ ಸೈಕಲ್ಲಿನ ಮೀಟರ್ ಡಬ್ಬಿಯಲ್ಲಿ ಎರಡು ಉಪಕರಣಗಳು ಒಂದೇ ಗಾಜಿನ ಹಿಂದೆ ಕೂಡಿಕೊಂಡಿರುತ್ತವೆ: ಆ ಕ್ಷಣದ ವೇಗವನ್ನು ಮುಳ್ಳಿನಿಂದ ತೋರಿಸುವ ಸ್ಪೀಡೋಮೀಟರ್ ಒಂದು, ಬಂಡಿ ಹೊಸದಾಗಿದ್ದಾಗಿನಿಂದ ಓಡಿದ ದೂರವನ್ನು ಅಂಕಿಗಳಲ್ಲಿ ಕೂಡಿಸುತ್ತ ಹೋಗುವ ಓಡೋಮೀಟರ್ ಇನ್ನೊಂದು. ಬಂಡಿ ನಿಂತೊಡನೆ ಮುಳ್ಳು ಸೊನ್ನೆಗೆ ಮರಳುತ್ತದೆ, ಅಂಕಿಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಎಂಜಿನ್ ಆಯಿಲ್ ಬದಲಿಸುವ ಹೊತ್ತು, ಚೈನ್ ಸ್ಪ್ರಾಕೆಟ್‌ನ ಆಯಸ್ಸು, ಲೀಟರಿಗೆ ದೊರೆಯುವ ಮೈಲೇಜ್, ಮಾರುವಾಗ ಬರುವ ಬೆಲೆ ಇವೆಲ್ಲವೂ ಆ ಅಂಕಿಗಳನ್ನೇ ಆಧರಿಸಿರುವುದರಿಂದ, ಕೆಟ್ಟ ಮೀಟರನ್ನು ತೆಗೆದು ಹೊಸದನ್ನು ಕೂರಿಸುವವರು ಆ ಲೆಕ್ಕವನ್ನು ಕಡಿಯದಂತೆ ಮುಂದುವರಿಸುವ ಹೊಣೆಯನ್ನೂ ಹೊರುತ್ತಾರೆ.

ಹಳೆಯ ಬಗೆಯ ಮೀಟರುಗಳಲ್ಲಿ ಮುಂದಿನ ಚಕ್ರದ ಹಬ್ಬಿನಲ್ಲಿರುವ ಸಣ್ಣ ಗೇರು ಚಕ್ರದೊಡನೆ ತಿರುಗಿ, ಮೀಟರ್ ಕೇಬಲ್ಲಿನೊಳಗಿನ ತಂತಿಯನ್ನು ತಿರುಗಿಸುತ್ತದೆ. ಆ ತಂತಿಯ ಮೇಲ್ತುದಿ ಡಬ್ಬಿಯೊಳಗಿನ ಅಯಸ್ಕಾಂತವೊಂದನ್ನು ಸುತ್ತಿಸುತ್ತದೆ. ಅಯಸ್ಕಾಂತಕ್ಕೆ ತಾಗದಂತೆ ಅದರ ಸುತ್ತ ಕವಿದಿರುವ ತೆಳುವಾದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ, ಅಂದರೆ ಬದಲಾಗುತ್ತಿರುವ ಕಾಂತಕ್ಷೇತ್ರದ ಪ್ರಭಾವದಿಂದ ಲೋಹದೊಳಗೇ ಸುತ್ತು ಹಾಕುವ ವಿದ್ಯುತ್ ಪ್ರವಾಹ ಉಂಟಾಗುತ್ತದೆ. ಅದರ ಸೆಳೆತಕ್ಕೆ ಬಟ್ಟಲು ತಿರುಗಲೆಳಸಿದರೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗೊಂದು ಅದನ್ನು ತಡೆಯುತ್ತದೆ, ಈ ಎರಡು ಬಲಗಳು ಸರಿದೂಗುವ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಸ್ಟ್ರಾಸ್‌ಬರ್ಗಿನ ಓಟ್ಟೊ ಶುಲ್ಟ್ಸೆ ಎಂಬ ಎಂಜಿನಿಯರ್ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಒಂದು ಶತಮಾನದಷ್ಟು ಕಾಲ ಹೆಚ್ಚಿನ ಬದಲಾವಣೆಯಿಲ್ಲದೆ ನಡೆದುಬಂದಿರುವುದು ಅದರ ಸರಳತೆಗೆ ಸಾಕ್ಷಿ.

ಓಡೋಮೀಟರಿನಲ್ಲಿ ಇಂಥ ಯಾವ ಸೂಕ್ಷ್ಮ ಸಮತೋಲನವೂ ಇಲ್ಲ. ಅದೇ ಕೇಬಲ್ಲಿನಿಂದ ಬರುವ ತಿರುಗಾಟವನ್ನು ಹಲ್ಲುಚಕ್ರಗಳು ನಿಧಾನಗೊಳಿಸಿ ಅಂಕಿಯ ಉರುಳೆಗಳಿಗೆ ಒಪ್ಪಿಸುತ್ತವೆ, ಒಂದು ಉರುಳೆ ಪೂರ್ತಿ ಸುತ್ತಿದಾಗ ಪಕ್ಕದ್ದು ಒಂದು ಅಂಕಿ ಮುಂದೆ ಸರಿಯುತ್ತದೆ. ಆದ್ದರಿಂದ ಅಯಸ್ಕಾಂತದ ಬಲ ಕುಂದಿದರೆ ಮುಳ್ಳು ಕಡಿಮೆ ವೇಗ ತೋರಿಸಬಹುದೇ ಹೊರತು ದೂರದ ಲೆಕ್ಕ ಕೆಡುವುದಿಲ್ಲ. ದೂರದ ಲೆಕ್ಕವೆಂಬುದು ಹಲ್ಲುಗಳ ಎಣಿಕೆ ಮತ್ತು ಚಕ್ರದ ಸುತ್ತಳತೆ ಎರಡರಿಂದಲೇ ನಿರ್ಧಾರವಾಗುವಂಥದು. ಈ ವ್ಯತ್ಯಾಸವನ್ನು ಅರಿತವರಿಗೆ ಕೆಟ್ಟದ್ದು ಯಾವುದೆಂದು ಪತ್ತೆ ಹಚ್ಚುವುದು ಸುಲಭ. ಮುಳ್ಳು, ಅಂಕಿ ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿದೆ ಅಥವಾ ಹಬ್ಬಿನ ಗೇರು ಸವೆದಿದೆ. ಅಂಕಿ ಓಡುತ್ತ ಮುಳ್ಳು ಮಾತ್ರ ಸತ್ತಿದ್ದರೆ ದೋಷ ಬಟ್ಟಲು ಇಲ್ಲವೆ ಸ್ಪ್ರಿಂಗಿನಲ್ಲಿದೆ. ಮುಳ್ಳು ಸರಿಯಿದ್ದು ಅಂಕಿ ನಿಂತಿದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದಿರುವ ಸಂಭವ ಹೆಚ್ಚು. ಮುಳ್ಳು ನಡುಗುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ಒಣಗಿದೆ ಅಥವಾ ಎಲ್ಲೋ ಬಿಗಿಯಾಗಿ ಬಾಗಿದೆ. ಕಡಿಮೆ ಬೆಲೆಯ ಕೇಬಲ್ಲೊಂದನ್ನು ಬದಲಿಸಿದರೆ ಮುಗಿಯುವ ಕಡೆ ಇಡೀ ಮೀಟರನ್ನೇ ಎಸೆಯುವುದು ಹಣದ ನಷ್ಟ ಮಾತ್ರವಲ್ಲ, ಓಡಿದ ದೂರದ ದಾಖಲೆಯನ್ನೂ ಕಾರಣವಿಲ್ಲದೆ ಕಳೆದುಕೊಂಡಂತೆ. ಹೊಸ ಕೇಬಲ್ ಹಾಕುವಾಗ ಒಳತಂತಿಗೆ ತೆಳುವಾಗಿ ಗ್ರೀಸ್ ಸವರಿ, ಮೀಟರಿಗೆ ಸೇರುವ ಮೇಲ್ತುದಿಯ ಕೆಲವು ಇಂಚುಗಳನ್ನು ಒಣಗಿದಂತೆಯೇ ಬಿಡಬೇಕು. ಇಲ್ಲವಾದರೆ ತಿರುಗುವ ತಂತಿ ಜಿಡ್ಡನ್ನು ಮೇಲಕ್ಕೇರಿಸಿ ಬಟ್ಟಲಿಗೆ ಅಂಟಿಸುತ್ತದೆ.

ಮೀಟರನ್ನೇ ಬದಲಿಸಬೇಕಾಗಿ ಬಂದಾಗ ಹೆಚ್ಚಿನವರು ಗಮನಿಸುವುದು ಆಕಾರ, ಸ್ಕ್ರೂ ಕೂರುವ ಜಾಗ ಮತ್ತು ಬಲ್ಬುಗಳ ವೈರಿಂಗ್. ಗಮನಿಸದೆ ಬಿಡುವುದು ಎಲ್ಲಕ್ಕಿಂತ ಮುಖ್ಯವಾದ ಅನುಪಾತವನ್ನು. ಕೇಬಲ್ ಎಷ್ಟು ಸುತ್ತು ತಿರುಗಿದರೆ ಒಂದು ಕಿಲೋಮೀಟರ್ ಎಂದು ಎಣಿಸಬೇಕು ಎಂಬುದು ಪ್ರತಿ ಮೀಟರಿನ ಹಲ್ಲುಗಳಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಜಪಾನಿ ವಿನ್ಯಾಸದ ಅನೇಕ ಮೀಟರುಗಳಲ್ಲಿ ಈ ಎಣಿಕೆ 1400. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್ ಆದ್ದರಿಂದ, ಆ ವೇಗದಲ್ಲಿ ಕೇಬಲ್ ನಿಮಿಷಕ್ಕೆ 1400 ಸುತ್ತು ತಿರುಗುತ್ತದೆ. ಬೇರೆ ತಯಾರಕರ ಕೆಲವು ಮೀಟರುಗಳು 1000 ಸುತ್ತಿಗೇ ಕಿಲೋಮೀಟರ್ ಎಣಿಸುತ್ತವೆ. 1400ರ ಗೇರಿರುವ ಬಂಡಿಗೆ 1000ದ ಮೀಟರ್ ಜೋಡಿಸಿದರೆ 50ರ ವೇಗದಲ್ಲಿ ಹೋಗುವ ಬಂಡಿಯ ಮುಳ್ಳು 70 ತೋರಿಸುತ್ತದೆ, 10 ಕಿಲೋಮೀಟರ್ ಓಡಿದರೆ ಅಂಕಿ 14 ಏರುತ್ತದೆ, ಲೀಟರಿಗೆ 50 ಕೊಡುವ ಬಂಡಿ 70 ಕೊಡುತ್ತಿದೆಯೆಂಬ ಸುಳ್ಳು ಸಂತೋಷವೂ ಹುಟ್ಟುತ್ತದೆ. ಕೊಳ್ಳುವ ಮುಂಚೆ ಮುಖಫಲಕದ ಮೇಲೋ ಡಬ್ಬಿಯ ಹಿಂಬದಿಯಲ್ಲೋ ಈ ಸಂಖ್ಯೆ ಅಚ್ಚಾಗಿದೆಯೇ ಎಂದು ನೋಡಿ, ಹಳೆಯದರೊಡನೆ ಹೋಲಿಸುವುದು ಒಂದು ನಿಮಿಷದ ಕೆಲಸ.

ಚಕ್ರದ ಸುತ್ತಳತೆಯೂ ಲೆಕ್ಕದೊಳಗೆ ಸೇರಿಕೊಂಡಿದೆ. 2.75-18 ಅಳತೆಯ, ಅಂದರೆ ಸುಮಾರು 2.75 ಇಂಚು ಅಗಲದ, 18 ಇಂಚಿನ ರಿಮ್ಮಿಗೆ ಕೂರುವ ಮುಂದಿನ ಟೈರು ಭಾರ ಹೊತ್ತು ಉರುಳುವಾಗ ಒಂದು ಸುತ್ತಿಗೆ ಹೆಚ್ಚುಕಡಿಮೆ 1.85 ಮೀಟರ್ ಸಾಗುತ್ತದೆ, ಹಾಗಾಗಿ ಚಕ್ರ ಕಿಲೋಮೀಟರಿಗೆ ಸುಮಾರು 540 ಸುತ್ತು ತಿರುಗಬೇಕಾಗುತ್ತದೆ, ಅದನ್ನು ಹಬ್ಬಿನ ಗೇರು ಕೇಬಲ್ಲಿನ ಸುತ್ತುಗಳಾಗಿ ಹೆಚ್ಚಿಸುತ್ತದೆ. ಅದೇ ರಿಮ್ಮಿಗೆ 3.00 ಅಳತೆಯ ಟೈರು ಹಾಕಿದರೆ ಸುತ್ತಳತೆ ಶೇಕಡ 2ರಷ್ಟು ಹಿಗ್ಗಿ, ಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಎಣಿಸುತ್ತದೆ. ಟೈರು ಸವೆದಂತೆಲ್ಲ ಇದರ ತಿರುವುಮುರುವು ನಡೆಯುತ್ತದೆ. ಕೇಬಲ್ ಮುಂದಿನ ಚಕ್ರದಿಂದ ಬಂದಿದ್ದರೆ ಸ್ಪ್ರಾಕೆಟ್ ಬದಲಿಸಿದರೂ ಮೀಟರಿಗೆ ಏನೂ ಆಗುವುದಿಲ್ಲ, ಗೇರ್‌ಬಾಕ್ಸಿನಿಂದ ಬಂದಿದ್ದರೆ ಹಲ್ಲುಗಳ ಸಂಖ್ಯೆ ಬದಲಾದೊಡನೆ ಲೆಕ್ಕವೂ ಬದಲಾಗುತ್ತದೆ.

ಜೋಡಣೆ ಮುಗಿದ ಮೇಲೆ ಹೆದ್ದಾರಿಯ ಮೈಲಿಗಲ್ಲುಗಳ ನಡುವೆ 10 ಕಿಲೋಮೀಟರ್ ಓಡಿಸಿ, ಫೋನಿನ ಜಿಪಿಎಸ್‌ನೊಡನೆಯೂ ತಾಳೆ ನೋಡುವುದು ಒಳ್ಳೆಯದು. ಆಗ ಮುಳ್ಳಿನ ತಪ್ಪನ್ನೂ ಅಂಕಿಯ ತಪ್ಪನ್ನೂ ಬೆರೆಸಬಾರದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು, ಆದರೆ ನಿಜ ವೇಗದ ಹತ್ತರಲ್ಲಿ ಒಂದು ಭಾಗ ಮತ್ತು ಗಂಟೆಗೆ 4 ಕಿಲೋಮೀಟರ್ ಸೇರಿದಷ್ಟು ಹೆಚ್ಚು ತೋರಿಸಬಹುದು. ಅಂದರೆ 60ರ ವೇಗದಲ್ಲಿ 70ರವರೆಗೆ. ಸವಾರನ ಸುರಕ್ಷತೆಗಾಗಿ ಮುಳ್ಳನ್ನು ಬೇಕೆಂದೇ ತುಸು ಮುಂದಿಟ್ಟಿರುವಾಗ, ಅದನ್ನು ಕಂಡು ದೂರದ ಲೆಕ್ಕವೂ ಹೆಚ್ಚೆಂದು ತೀರ್ಮಾನಿಸುವುದು ಸರಿಯಲ್ಲ.

ಇನ್ನುಳಿದ ಪ್ರಶ್ನೆ ಹೊಸ ಮೀಟರಿನ ಸೊನ್ನೆಯದು. ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನು ಇದಕ್ಕೆ ಬಹಳ ಸ್ಪಷ್ಟವಾದ ದಾರಿಯನ್ನು ಹಾಕಿಕೊಟ್ಟಿದೆ: ಓಡೋಮೀಟರನ್ನು ದುರಸ್ತಿ ಮಾಡುವಾಗ ಅಥವಾ ಬದಲಿಸುವಾಗ ಹಳೆಯ ಸಂಖ್ಯೆಯನ್ನೇ ಉಳಿಸಬೇಕು, ಅದು ಸಾಧ್ಯವಾಗದಿದ್ದರೆ ಸೊನ್ನೆಗೆ ತಂದು, ಹಿಂದಿನ ಸಂಖ್ಯೆಯನ್ನೂ ಬದಲಿಸಿದ ದಿನಾಂಕವನ್ನೂ ಬರೆದ ಚೀಟಿಯನ್ನು ವಾಹನದ ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಜರ್ಮನಿಯಲ್ಲಿ ಓಡೋಮೀಟರಿನ ಅಂಕಿಗಳನ್ನು ತಿದ್ದುವುದು 2005ರಿಂದ ಶಿಕ್ಷಾರ್ಹ ಅಪರಾಧ. ಹಳೆಯ ಸಂಖ್ಯೆಯನ್ನು ಉಳಿಸುವ ಅಥವಾ ಬರೆದಿಡುವ ಈ ವಿವೇಕವನ್ನು ಬಾಗಿಲಿಲ್ಲದ ಬೈಕಿಗೂ ಅನ್ವಯಿಸಿಕೊಳ್ಳಬಹುದು. ನುರಿತ ಮೀಟರ್ ರಿಪೇರಿಯವರು ಡಬ್ಬಿಯ ಅಂಚು ಬಿಚ್ಚಿ, ಉರುಳೆಗಳ ದಂಡವನ್ನು ಎತ್ತಿ ಹೊಸ ಮೀಟರಿನಲ್ಲಿ ಹಳೆಯ ಸಂಖ್ಯೆಯನ್ನು ಕೂರಿಸಬಲ್ಲರು. 41,300ರಲ್ಲಿ ನಿಂತ ಲೆಕ್ಕವನ್ನು 41,300ರಿಂದಲೇ ಮುಂದುವರಿಸುವುದು ಪ್ರಾಮಾಣಿಕ ಕೆಲಸ, ಅದೇ ವಿಧಾನದಿಂದ 18,000ಕ್ಕೆ ಇಳಿಸುವುದು ಕೊಳ್ಳುವವರಿಗೆ ಮಾಡುವ ಮೋಸ. ಸೊನ್ನೆಯಿಂದಲೇ ಶುರುವಾಗುವುದಾದರೆ ಹಳೆಯ ಮೀಟರಿನ ಫೋಟೋ, ಎರಡೂ ಸಂಖ್ಯೆಗಳಿರುವ ಬಿಲ್ ಮತ್ತು ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಇರಲೇಬೇಕು.

ಡಿಜಿಟಲ್ ಮೀಟರುಗಳಲ್ಲಿ ಚಕ್ರದ ಬಳಿಯ ಸೆನ್ಸರ್ ಕಳಿಸುವ ವಿದ್ಯುತ್ ಮಿಡಿತಗಳನ್ನು ಎಣಿಸಿ, ಬ್ಯಾಟರಿ ತೆಗೆದರೂ ಅಳಿಯದ ಮೆಮೊರಿ ಚಿಪ್ಪಿನಲ್ಲಿ ಮೊತ್ತವನ್ನು ಇಡಲಾಗುತ್ತದೆ. ಅಂಥ ಬಂಡಿಗಳ ಮೀಟರನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಬದಲಿಸಿ, ಹಳೆಯ ಸಂಖ್ಯೆಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಲೇಸು.

ಕಷ್ಟವಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಗಳಂಥ ಹಳೆಯ ಬಂಡಿಗಳ ವಿಷಯದಲ್ಲಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಲವು ಕೈ ದಾಟಿ ಬಂದ ಬಂಡಿಯಲ್ಲಿ ಎಷ್ಟು ಮೀಟರುಗಳು ಬದಲಾಗಿವೆ, ಐದಂಕಿಯ ಉರುಳೆಗಳು 99,999 ದಾಟಿ ಎಷ್ಟು ಬಾರಿ ಸೊನ್ನೆಗೆ ಬಂದಿವೆ ಎಂಬುದನ್ನು ಹೇಳಬಲ್ಲವರು ಅನೇಕ ವೇಳೆ ಯಾರೂ ಇರುವುದಿಲ್ಲ. ಅಂಥ ಬಂಡಿಯನ್ನು ಪುನರುಜ್ಜೀವನಗೊಳಿಸುವವರು ನಂಬಲರ್ಹವಾಗಿ ಕಾಣುವ ಸಂಖ್ಯೆಯೊಂದನ್ನು ಕಲ್ಪಿಸಿ ಉರುಳೆಗಳಲ್ಲಿ ಕೂರಿಸುವ ಬದಲು, ಹಿಂದೆ ಓಡಿದ ದೂರ ತಿಳಿಯದು ಎಂದು ಬರೆದಿಟ್ಟು, ಎಂಜಿನ್ ಕೆಲಸ ಮುಗಿದ ದಿನಾಂಕದಿಂದ ಸೊನ್ನೆಯ ಲೆಕ್ಕವನ್ನು ಆರಂಭಿಸಿದರೆ ಮುಂದಿನ ಮಾಲೀಕರಿಗೆ ಆ ಅಂಕಿಗಳು ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ.