ಪರ್ವತಿಥಿಗಳಲ್ಲಿ ಯೋಗಾಭ್ಯಾಸಕ್ಕೆ ವಿರಾಮ

ಮೈಸೂರಿನಲ್ಲಿ ಕೆ. ಪಟ್ಟಾಭಿ ಜೋಯಿಸರು (1915–2009) ಬೋಧಿಸಿದ ಅಷ್ಟಾಂಗ ವಿನ್ಯಾಸ ಯೋಗಪದ್ಧತಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ಆಸನಾಭ್ಯಾಸವಿಲ್ಲ. ವಾರದ ರಜೆಯಲ್ಲದೆ ತಿಂಗಳಿಗೆರಡು ಸಲ ಬರುವ ಈ ವಿರಾಮವನ್ನು ಇಂದು ಪರದೇಶಗಳ ಸಾಧಕರೂ ಶ್ರದ್ಧೆಯಿಂದ ಪಾಲಿಸುತ್ತಾರೆ. ಈ ನಿಯಮದ ಮೂಲವೆಲ್ಲಿ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸಾಮಾನ್ಯವಾಗಿ ಹೇಳುವ ಕಾರಣ ಪ್ರಾಣಕ್ಕೆ ಸಂಬಂಧಿಸಿದ್ದು. ಹುಣ್ಣಿಮೆಯು ಪೂರಕದ ತುದಿಯಂತೆ. ಆಗ ಪ್ರಾಣವು ಊರ್ಧ್ವಮುಖವಾಗಿ, ಸಾಧಕನು ಉತ್ಸಾಹದಲ್ಲಿ ಶಕ್ತಿಮೀರಿ ಅಭ್ಯಸಿಸಿ ಅಂಗಗಳನ್ನು ನೋಯಿಸಿಕೊಳ್ಳುತ್ತಾನೆ. ಅಮಾವಾಸ್ಯೆಯು ರೇಚಕದ ತುದಿಯಂತೆ. ಆಗ ಅಪಾನವು ಪ್ರಬಲವಾಗಿ ದೇಹವು ಜಡವಾಗುತ್ತದೆ. ಉಪಮೆಯೇನೋ ರಮ್ಯವಾಗಿದೆ. ಆದರೆ ಪತಂಜಲಿಯ ಯೋಗಸೂತ್ರಗಳಲ್ಲಾಗಲಿ ಹಠಯೋಗಪ್ರದೀಪಿಕೆಯಲ್ಲಾಗಲಿ ಇಂತಹ ತಿಥಿನಿಷೇಧವಿಲ್ಲ. ಜಾಬಾಲದರ್ಶನೋಪನಿಷತ್ತಿನಲ್ಲಿ ಅಮಾವಾಸ್ಯೆಯ ಮಾತು ಬರುತ್ತದೆ, ನಿಜ. ಅಲ್ಲಿ ಇಡಾ ಪಿಂಗಳಾ ನಾಡಿಗಳ ಸಂಧಿಯನ್ನು ಪ್ರಾಣವು ಸೇರುವುದೇ ಅಮಾವಾಸ್ಯೆ. ಅದು ದೇಹದೊಳಗಿನದು, ಪಂಚಾಂಗ ನೋಡಿ ತಿಳಿಯತಕ್ಕದ್ದಲ್ಲ. ಸಮುದ್ರದಂತೆ ದೇಹದ ನೀರೂ ಉಕ್ಕುತ್ತದೆಂಬ ವಾದವಂತೂ ನಿಲ್ಲುವುದಿಲ್ಲ. ಚಂದ್ರನ ಸೆಳೆತವು ಭೂಮಿಯ ಒಂದು ಮಗ್ಗುಲಿಗೂ ಇನ್ನೊಂದಕ್ಕೂ ಬೇರೆಯಾಗಿರುವುದರಿಂದ ಉಬ್ಬರವುಂಟಾಗುತ್ತದೆ. ಆರಡಿ ದೇಹದಲ್ಲಿ ಆ ವ್ಯತ್ಯಾಸವು ಗಣನೆಗೇ ಬಾರದಷ್ಟು ಅಲ್ಪ.

ಮೂಲವನ್ನು ಪಾಠಶಾಲೆಯಲ್ಲಿ ಹುಡುಕುವುದು ಹೆಚ್ಚು ಯುಕ್ತವೆನಿಸುತ್ತದೆ. ವೇದಾಧ್ಯಯನಕ್ಕೆ ಅನಧ್ಯಾಯ ದಿನಗಳೆಂಬವು ಹಿಂದಿನಿಂದಲೂ ಉಂಟು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳಲ್ಲಿ ಅಧ್ಯಯನವನ್ನು ನಿಷೇಧಿಸುತ್ತದೆ. ಅಮಾವಾಸ್ಯೆಯ ಪಾಠವು ಗುರುವಿಗೂ ಚತುರ್ದಶಿಯದು ಶಿಷ್ಯನಿಗೂ ಕೇಡೆನ್ನುತ್ತದೆ. ಪಾಡ್ಯವೂ ವರ್ಜ್ಯವೇ. ಸುಂದರಕಾಂಡದಲ್ಲಿ ಹನುಮಂತನು ಕೃಶಳಾದ ಸೀತೆಯನ್ನು ಪಾಡ್ಯದಂದು ಓದುವವನ ವಿದ್ಯೆಗೆ ಹೋಲಿಸುವುದು ಈ ಸಂಪ್ರದಾಯವನ್ನು ಬಲ್ಲವರಿಗಷ್ಟೆ ಸ್ವಾರಸ್ಯವಾದೀತು. ಇದರ ಹಿಂದೆ ವ್ಯವಹಾರದ ಕಾರಣವೂ ಇದ್ದಿರಬಹುದು: ದರ್ಶಪೂರ್ಣಮಾಸ ಇಷ್ಟಿಗಳು ಈ ಪರ್ವಗಳಿಗೇ ಸೇರಿದವಾದ್ದರಿಂದ ಆಗ ಗುರುವಿಗೆ ಪಾಠ ಹೇಳಲು ಬಿಡುವೆಲ್ಲಿ?

ಜೋಯಿಸರು 1937ರಿಂದ 1973ರವರೆಗೆ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸಿದವರು. ಪಾಠಶಾಲೆಯ ಅನಧ್ಯಾಯವೇ ಯೋಗಶಾಲೆಯ ವಿರಾಮವಾಯಿತೆಂದು ಊಹಿಸುವುದಕ್ಕೆ ಇದು ಸಾಕಷ್ಟು ಆಧಾರ. ಹಾಗೆ ಗ್ರಹಿಸಿದಲ್ಲಿ ನಿಯಮದ ಎಲ್ಲೆಯೂ ಸ್ಪಷ್ಟವಾಗುತ್ತದೆ. ಅದೇ ಸ್ಮೃತಿಯ ಎರಡನೆಯ ಅಧ್ಯಾಯವು ವೇದಾಂಗಗಳಿಗೂ ನಿತ್ಯಸ್ವಾಧ್ಯಾಯಕ್ಕೂ ಹೋಮಮಂತ್ರಗಳಿಗೂ ಅನಧ್ಯಾಯವಿಲ್ಲವೆನ್ನುತ್ತದೆ. ಆದ್ದರಿಂದ ಹುಣ್ಣಿಮೆಯ ನೆಪದಲ್ಲಿ ಜಪಧ್ಯಾನಗಳನ್ನೂ ಬಿಡುವವನಿಗೆ ಈ ಸಂಪ್ರದಾಯದ ಆಸರೆ ದೊರೆಯದು. ನಿಂತದ್ದು ಆಸನಗಳು ಮಾತ್ರ.

ಯಾವ ದಿನ ವಿರಮಿಸಬೇಕೆಂಬುದರಲ್ಲಿಯೂ ತೊಡಕುಂಟು. ಸೂರ್ಯಚಂದ್ರರ ನಡುವಣ ಅಂತರವು 12 ಅಂಶ ಬೆಳೆಯುವ ಕಾಲವೇ ಒಂದು ತಿಥಿ. ಚಂದ್ರನ ಗತಿ ಏಕರೂಪವಲ್ಲದ್ದರಿಂದ ತಿಥಿಯು ಸುಮಾರು 20ರಿಂದ 27 ಗಂಟೆಗಳವರೆಗೆ ಇರಬಹುದು. ನಡುಮಧ್ಯಾಹ್ನ ಆರಂಭವಾಗಿ ಮರುದಿನ ಮುಗಿಯಲೂಬಹುದು. ಪೂರ್ಣಚಂದ್ರನ ಕ್ಷಣ ಭೂಮಿಗೆಲ್ಲ ಒಂದೇ ಆದರೂ ದಿನಾಂಕ ಒಂದೇ ಆಗಿರಬೇಕಿಲ್ಲ. ಮೈಸೂರಿನಲ್ಲಿ ಅದು ನಸುಕಿನ 3 ಗಂಟೆಗೆ ಸಂಭವಿಸಿದರೆ ಅಮೆರಿಕದಲ್ಲಿ ಇನ್ನೂ ಹಿಂದಿನ ದಿನವೇ ನಡೆದಿರುತ್ತದೆ. ಒಂದೇ ಹುಣ್ಣಿಮೆಗೆ ಇಲ್ಲಿಯ ಸಾಧಕನೂ ಅಲ್ಲಿಯವನೂ ಬೇರೆ ಬೇರೆ ತಾರೀಖುಗಳಂದು ವಿರಮಿಸುವುದುಂಟು.