ಯೀಸ್ಟ್‌ಗಳೆಲ್ಲ ಒಂದೇ ಅಲ್ಲ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ರಾಗಿಯನ್ನು ಅರಳು ಹುರಿದು ಹುರಿಹಿಟ್ಟು ಮಾಡುತ್ತಾರೆ; ಮೊಳಕೆ ಬರಿಸಿ, ಒಣಗಿಸಿಯೂ ಬೀಸುತ್ತಾರೆ. ಎರಡರಿಂದಲೂ ಗಂಜಿ ಕಾಯಿಸಿ ನೋಡಿ. ಮೊಳಕೆ ಹಿಟ್ಟಿನದು ತೆಳುವಾಗಿರುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಮಾಲ್ಟೋಸ್ ಮುಂತಾದ ಸಕ್ಕರೆಗಳಾಗಿ ಒಡೆಯುವುದೇ ಇದಕ್ಕೆ ಕಾರಣ. ಹುರಿದಾಗ ಕಿಣ್ವಗಳು ನಾಶವಾಗುತ್ತವೆ.

ಸ್ಟೌಟ್ ಎಂಬ ಕಪ್ಪು ಬಿಯರ್‌ಗೂ ಇದೇ ತತ್ತ್ವ. ಬಾರ್ಲಿಯ ಮೊಳಕೆಯಿಂದ ಸಕ್ಕರೆ, ಕಪ್ಪಗೆ ಹುರಿದ ಬಾರ್ಲಿಯಿಂದ ಬಣ್ಣ ಮತ್ತು ಕಹಿ. ಮುಂದಿನ ಕೆಲಸ ಯೀಸ್ಟ್‌ನದು. ಸಾಮಾನ್ಯ ಯೀಸ್ಟ್ ಪಿಷ್ಟವನ್ನು ತಿನ್ನಲಾರದು. ಸಕ್ಕರೆಯನ್ನು ಮಾತ್ರ ತಿನ್ನುತ್ತದೆ.

180 ಗ್ರಾಂ ಗ್ಲುಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಈಥೈಲ್ ಆಲ್ಕೊಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್ ದೊರೆಯುತ್ತವೆ. ಅಂದರೆ ಲೀಟರಿಗೆ 200 ಗ್ರಾಂ ಸಕ್ಕರೆಯಿಂದ ಗಾತ್ರದಲ್ಲಿ ಹೆಚ್ಚೆಂದರೆ ಶೇಕಡಾ 13ರಷ್ಟು ಆಲ್ಕೊಹಾಲ್. ಕಡುಸ್ಟೌಟ್‌ನಲ್ಲಿ ಇದು ಶೇಕಡಾ 8ರಿಂದ 12ರವರೆಗೂ ಇರುತ್ತದೆ. ಇಲ್ಲೇ ತೊಡಕು: ಮೊದಲು ಸಕ್ಕರೆ ಪರಾಸರಣದಿಂದ ಕೋಶದ ನೀರನ್ನು ಎಳೆಯುತ್ತದೆ; ಕೊನೆಗೆ ಆಲ್ಕೊಹಾಲ್ ಕೋಶಪೊರೆಯನ್ನು ಶಿಥಿಲಗೊಳಿಸುತ್ತದೆ. ತಾನು ತಯಾರಿಸಿದ ವಿಷದಲ್ಲೇ ಯೀಸ್ಟ್ ಬದುಕಬೇಕು!

ಆದ್ದರಿಂದ ಯೀಸ್ಟ್ ಆರಿಸುವಾಗ ನಾಲ್ಕು ಗುಣಗಳನ್ನು ನೋಡುತ್ತಾರೆ. ಒಂದು, ಆಲ್ಕೊಹಾಲ್ ಸಹಿಸುವ ಶಕ್ತಿ. ಎರಡು, ಮಾಲ್ಟೋಸ್ ಜೊತೆಗೆ ಮಾಲ್ಟೋಟ್ರಯೋಸನ್ನೂ ತಿನ್ನಬಲ್ಲ ಸಾಮರ್ಥ್ಯ. ಮೂರು, ಒಪ್ಪುವ ಉಷ್ಣತೆ. ನಾಲ್ಕು, ಕೆಲಸ ಮುಗಿದ ಮೇಲೆ ತಳಕ್ಕಿಳಿಯುವ ಗುಣ. ಬೇಗ ಇಳಿದರೆ ಸಕ್ಕರೆ ಉಳಿಯುತ್ತದೆ.

ಬ್ರೆಡ್ಡಿನ ಯೀಸ್ಟೂ ಸ್ಟೌಟಿನ ಯೀಸ್ಟೂ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಒಂದೇ ಪ್ರಭೇದದವು, ತಳಿ ಬೇರೆ. ಮೊದಲನೆಯದನ್ನು ಹಿಟ್ಟು ಉಬ್ಬಿಸುವ ಅನಿಲಕ್ಕಾಗಿ ಆರಿಸಲಾಗಿದೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂಟಿ ಕೋಶದಿಂದ ಶುದ್ಧ ತಳಿ ಬೆಳೆಸಿದ ಬಳಿಕ ಇಂಥ ಆಯ್ಕೆಗೆ ಖಚಿತತೆ ಬಂತು. ಲಾಗರ್ ಯೀಸ್ಟ್‌ಗೆ 8–14° ಸೆ. ತಂಪು ಬೇಕು. ಸ್ಟೌಟಿನ ಯೀಸ್ಟ್‌ಗೆ ಸುಮಾರು 18–22° ಸೆ. ಸಾಕು. 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲೂ ಬೇಸಿಗೆಯ ಹಗಲು ಇದನ್ನು ಮೀರುತ್ತದೆ. ಜೊತೆಗೆ ಹುದುಗುವಿಕೆಯೂ ಶಾಖ ಹೊರಸೂಸುತ್ತದೆ. ಉಷ್ಣತೆ ಏರಿದರೆ ಘಾಟುವಾಸನೆಯ ಇತರ ಆಲ್ಕೊಹಾಲ್‌ಗಳು ಹೆಚ್ಚುತ್ತವೆ.

ಒಳ್ಳೆಯ ತಳಿಯೊಂದೇ ಸಾಲದು. ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸಲು ಆರಂಭದಲ್ಲಿ ಆಮ್ಲಜನಕ ಬೇಕು. ಕೋಶಗಳ ಸಂಖ್ಯೆಯೂ ಹೆಚ್ಚಿರಬೇಕು. ಇಲ್ಲವಾದರೆ ಹುದುಗುವಿಕೆ ನಡುವೆಯೇ ನಿಲ್ಲುತ್ತದೆ. ಮುಗಿಯಿತೆಂದು ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಯೀಸ್ಟ್ ಮತ್ತೆ ಚುರುಕಾಗಿ, ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು.

ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ. ತತ್ತ್ವವನ್ನು ತಿಳಿಯಲು ಶಾಲೆಯಲ್ಲಿ ಹೀಗೆ ಮಾಡಿ. ಮೂರು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಲಾ 100 ಮಿ.ಲೀ. ಉಗುರುಬೆಚ್ಚಗಿನ ನೀರು, 2 ಗ್ರಾಂ ಬ್ರೆಡ್ ಯೀಸ್ಟ್ ಹಾಕಿ. ಕ್ರಮವಾಗಿ 5, 20, 50 ಗ್ರಾಂ ಸಕ್ಕರೆ ಸೇರಿಸಿ. ಬಾಯಿಗೆ ಬಲೂನು ಸಿಕ್ಕಿಸಿ, ಬಿರಡೆ ಬೇಡ. ಒಂದು ಗಂಟೆ ಗಮನಿಸಿ, ದ್ರಾವಣವನ್ನು ಚೆಲ್ಲಿ. ಸಕ್ಕರೆ ಹೆಚ್ಚಿದ್ದಲ್ಲೇ ಬಲೂನು ಹೆಚ್ಚು ಉಬ್ಬಿತೇ? 50 ಗ್ರಾಂನದು ಹಿಂದುಳಿದರೆ ಕಾರಣವನ್ನು ವಿದ್ಯಾರ್ಥಿಗಳೇ ಹೇಳಲಿ.