ಜೆಲ್ ಬ್ಯಾಟರಿ: ಖರೀದಿಗೆ ಮುನ್ನ ಒಂದು ಲೆಕ್ಕಾಚಾರ

ಜಮಖಂಡಿಯ ವ್ಯಾಪಾರ ಮಳಿಗೆಗಳಲ್ಲಿ, ರಬಕವಿ-ಬನಹಟ್ಟಿಯ ಮಗ್ಗದ ಘಟಕಗಳ ಕಚೇರಿಗಳಲ್ಲಿ, ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳಲ್ಲಿ ವಿದ್ಯುತ್ ಕಡಿತವಾದಾಗ ನೆರವಿಗೆ ಬರುವುದು ಹೆಚ್ಚಾಗಿ ಸೀಸ-ಆಮ್ಲ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಈ ಸಾಧನದ ಸುಧಾರಿತ ರೂಪಗಳಲ್ಲೊಂದು ಜೆಲ್ ಬ್ಯಾಟರಿ. ಇದರ ಬೆಲೆ ಅಧಿಕವಾದ್ದರಿಂದ ಗುಣಾವಗುಣಗಳನ್ನು ಅರಿತು ಕೊಳ್ಳುವುದು ಉಚಿತ.

ಇದರಲ್ಲಿ ಗಂಧಕಾಮ್ಲಕ್ಕೆ ನುಣುಪಾದ ಸಿಲಿಕಾ ಪುಡಿಯನ್ನು ಬೆರೆಸಿ ಲೋಳೆಯಂತೆ ಗಟ್ಟಿಗೊಳಿಸಲಾಗುತ್ತದೆ. ಆಮ್ಲ ಚೆಲ್ಲುವುದಿಲ್ಲ. ಸಾಮಾನ್ಯ ಬ್ಯಾಟರಿಯಲ್ಲಿ ಸಾಂದ್ರ ಆಮ್ಲವು ತಳಕ್ಕಿಳಿದು ಫಲಕಗಳ ಕೆಳಭಾಗವನ್ನು ಕೆಡಿಸುತ್ತದೆ. ಜೆಲ್‌ನಲ್ಲಿ ಈ ದೋಷ ಅತ್ಯಲ್ಪ. ಚಾರ್ಜಿನ ವೇಳೆ ಹುಟ್ಟುವ ಆಮ್ಲಜನಕವು ಜೆಲ್‌ನ ಸೂಕ್ಷ್ಮ ಬಿರುಕುಗಳ ಮೂಲಕ ಋಣ ಫಲಕವನ್ನು ತಲುಪಿ ಮರಳಿ ನೀರಾಗುವುದರಿಂದ ಡಿಸ್ಟಿಲ್ಡ್ ವಾಟರ್ ಹಾಕುವ ಅಗತ್ಯವಿಲ್ಲ. ಆಳವಾಗಿ ಬರಿದಾದರೂ ಚೇತರಿಸಿಕೊಳ್ಳುವ ಗುಣವೂ ಉಂಟು.

ಇತಿಮಿತಿಗಳೂ ಇವೆ. ಒಳರೋಧ ಹೆಚ್ಚಿರುವುದರಿಂದ ಒಮ್ಮೆಲೇ ಭಾರೀ ಪ್ರವಾಹ ನೀಡುವ ಕೆಲಸಕ್ಕೆ ಇದು ಅಷ್ಟಾಗಿ ಒಗ್ಗದು. 12 ವೋಲ್ಟ್ ಬ್ಯಾಟರಿಗೆ ಚಾರ್ಜಿನ ಮಿತಿ ಸಾಮಾನ್ಯವಾಗಿ 14.1ರಿಂದ 14.4 ವೋಲ್ಟ್. ಅದನ್ನು ಮೀರಿದರೆ ಅನಿಲದ ಗುಳ್ಳೆಗಳಿಂದ ಜೆಲ್‌ನಲ್ಲಿ ಪೊಳ್ಳುಗಳಾಗಿ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ನೀರು ತುಂಬಿ ಸರಿಪಡಿಸಲು ಅವಕಾಶವಿಲ್ಲ. ಉಷ್ಣತೆ 25 ಡಿಗ್ರಿಗಿಂತ 10 ಡಿಗ್ರಿ ಏರಿದರೆ ಬಾಳಿಕೆ ಸುಮಾರು ಅರ್ಧವಾಗುತ್ತದೆಂಬ ಸಾಮಾನ್ಯ ಸೂತ್ರ ಜೆಲ್‌ಗೂ ಅನ್ವಯಿಸುತ್ತದೆ. ಬಿಸಿಲುನಾಡಾದ ಈ ಭಾಗದಲ್ಲಿ ಗಾಳಿಯಾಡುವ, ನೆರಳಿನ ಸ್ಥಳ ಅನಿವಾರ್ಯ.

ಉದಾಹರಣೆಗೆ, ಸಾಮಾನ್ಯ ಬ್ಯಾಟರಿಯ ಬೆಲೆ 12,000 ರೂ., ಬಾಳಿಕೆ 4 ವರ್ಷ, ವಾರ್ಷಿಕ ನಿರ್ವಹಣೆ 500 ರೂ. ಎಂದು ಭಾವಿಸಿದರೆ ವರ್ಷಕ್ಕೆ ತಗಲುವ ವೆಚ್ಚ 3,500 ರೂ. ಜೆಲ್ ಬ್ಯಾಟರಿಗೆ 20,000 ರೂ. ತೆತ್ತು 6 ವರ್ಷ ಬಳಸಿದರೆ ವೆಚ್ಚ ಸುಮಾರು 3,333 ರೂ. ಅದೇ ಬ್ಯಾಟರಿ ತಪ್ಪು ಚಾರ್ಜರಿನಿಂದ 3 ವರ್ಷಕ್ಕೇ ಕೆಟ್ಟರೆ ವೆಚ್ಚ 6,667 ರೂ.ಗೆ ಏರುತ್ತದೆ. ಅಂದರೆ ಉಳಿತಾಯ ಅಲ್ಪ, ನಷ್ಟದ ಸಂಭವ ದೊಡ್ಡದು.

ಆದುದರಿಂದ ಇನ್ವರ್ಟರಿನಲ್ಲಿ ಜೆಲ್ ಬ್ಯಾಟರಿಗೆ ಪ್ರತ್ಯೇಕ ಸೆಟಿಂಗ್ ಇದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ, ವಾರಂಟಿಯ ಷರತ್ತುಗಳನ್ನು ಓದಿ ಖರೀದಿಸುವುದು ಕ್ಷೇಮ. ನೀರು ನೋಡಿಕೊಳ್ಳಲು ಸಿಬ್ಬಂದಿ ಇರುವಲ್ಲಿ ಸಾಮಾನ್ಯ ಬ್ಯಾಟರಿಯೇ ಸಾಕಾದೀತು. ಸೌರದೀಪದಂತಹ, ನಿತ್ಯ ಕೈಗೆಟುಕದ ಕಡೆ ಜೆಲ್ ಬ್ಯಾಟರಿ ಸೂಕ್ತ. ಹಳೆಯ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇತರ ಕಸದೊಡನೆ ಬೆರೆಸದೆ ಸಂಗ್ರಹಕಾರರಿಗೆ ಒಪ್ಪಿಸತಕ್ಕದ್ದು.